ತೊಗರಿ ಹೊಲದ ತೇವ ಅಳೆಯೋಣ: ಮೈಕ್ರೊಕಂಟ್ರೋಲರ್ ಬಳಸಿ ನೀವೇ ಮಾಡಬಹುದಾದ ಉಪಕರಣ

ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜ ಎಂದು ಕರೆಯುವುದು ನಿಮಗೆ ಗೊತ್ತು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ 'ಗುಲ್ಬರ್ಗ ತೊಗರಿ ಬೇಳೆ' ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಜೇವರ್ಗಿ, ಅಫಜಲಪುರ, ಆಳಂದ ತಾಲ್ಲೂಕುಗಳ ಎರೆ ಹೊಲಗಳಲ್ಲಿ ಮುಂಗಾರಿನ ಹದ ನೋಡಿ ಜೂನ್-ಜುಲೈನಲ್ಲಿ ತೊಗರಿ ಬಿತ್ತುತ್ತಾರೆ. ಅಕ್ಟೋಬರ್-ನವೆಂಬರ್ ಹೊತ್ತಿಗೆ ಬೆಳೆ ಹೂವಾಡುತ್ತದೆ, ಕಾಯಿ ಕಟ್ಟುತ್ತದೆ. ಮಳೆ ಹಿಂದೆ ಸರಿಯುವುದೂ ಆಗಲೇ. ಅಲ್ಲಿಂದ ಮುಂದೆ ಬೆಳೆ ಬದುಕುವುದು ಮಣ್ಣಿನೊಳಗೆ ಉಳಿದ ತೇವದಿಂದ.

ಈ ಹಂತದಲ್ಲಿ ರೈತರ ಮುಂದೆ ಒಂದು ಕಠಿಣ ಪ್ರಶ್ನೆ ಇರುತ್ತದೆ. ಕೃಷಿ ಹೊಂಡದಲ್ಲಿ ಒಂದು ಸಲ ಹಾಯಿಸುವಷ್ಟು ನೀರು ಇದೆ. ಅದನ್ನು ಈಗ ಕೊಡಬೇಕೆ, ಇನ್ನೂ ಒಂದು ವಾರ ಕಾಯಬೇಕೆ? ತಡವಾದರೆ ಹೂ ಉದುರುತ್ತದೆ. ಬೇಡದಾಗ ಕೊಟ್ಟರೆ ಹೊಂಡವೂ ಬರಿದು, ಎರೆಯಲ್ಲಿ ನೀರು ನಿಂತು ಬೇರಿಗೂ ಕೇಡು. ತೊಗರಿ ಬರವನ್ನು ತಾಳಿಕೊಳ್ಳಬಲ್ಲದು, ಆದರೆ ಬುಡದಲ್ಲಿ ನಿಂತ ನೀರನ್ನು ತಾಳಿಕೊಳ್ಳದು.

ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುವ ಸರಳ ಉಪಕರಣವನ್ನು ಪ್ರೌಢಶಾಲೆ ಅಥವಾ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳು ತಾವೇ ಮಾಡಬಹುದು. ಅದಕ್ಕೆ ಬೇಕಾಗುವುದು ಕೆಲವು ನೂರು ರೂಪಾಯಿಗಳ ಸಾಮಗ್ರಿ, ಒಂದು ತಕ್ಕಡಿ, ಒಂದಿಷ್ಟು ತಾಳ್ಮೆ. ಈ ಮೂರರಲ್ಲಿ ತಕ್ಕಡಿ ಮತ್ತು ತಾಳ್ಮೆಯೇ ಹೆಚ್ಚು ಮುಖ್ಯ ಎಂಬುದು ಲೇಖನದ ಕೊನೆಗೆ ನಿಮಗೇ ತಿಳಿಯುತ್ತದೆ.

ಮೈಕ್ರೊಕಂಟ್ರೋಲರ್ ಎಂದರೇನು?

ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ಹೊರಗಿನೊಂದಿಗೆ ವ್ಯವಹರಿಸುವ ಭಾಗ ಎಂದು ಮೂರು ಅಂಗಗಳಿವೆಯಷ್ಟೆ. ಇವೆಲ್ಲವನ್ನೂ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಅಳವಡಿಸಿದರೆ ಅದೇ ಮೈಕ್ರೊಕಂಟ್ರೋಲರ್, ಅಂದರೆ ಸೂಕ್ಷ್ಮ ನಿಯಂತ್ರಕ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಎಂಎಸ್ 1000 ಎಂಬ ಚಿಪ್ 1974ರಲ್ಲಿ ಮಾರುಕಟ್ಟೆಗೆ ಬಂದಿತು. 1980ರಲ್ಲಿ ಇಂಟೆಲ್ ಕಂಪನಿಯ 8051 ಬಂದಿತು. ನಮ್ಮ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಕಾಲ ಪಾಠ ಹೇಳಿದ್ದು ಇದರ ಮೇಲೆಯೇ. ವಾಷಿಂಗ್ ಮೆಷಿನ್, ವಿದ್ಯುತ್ ಮೀಟರು, ಟಿ.ವಿ. ರಿಮೋಟ್ ಇವೆಲ್ಲದರ ಒಳಗೂ ಇಂಥ ಒಂದು ಚಿಪ್ ಕುಳಿತಿರುತ್ತದೆ.

ನಾರ್ವೆಯ ಇಬ್ಬರು ವಿದ್ಯಾರ್ಥಿಗಳ ಕಲ್ಪನೆಯಿಂದ ಹುಟ್ಟಿದ ಎವಿಆರ್ ಎಂಬ ಚಿಪ್ ಕುಟುಂಬವನ್ನು ಆಟ್ಮೆಲ್ ಕಂಪನಿ 1990ರ ದಶಕದಲ್ಲಿ ಹೊರತಂದಿತು. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸ ಸಂಸ್ಥೆಯೊಂದರ ಅಧ್ಯಾಪಕರು ಮತ್ತು ಸಂಗಡಿಗರು ಈ ಚಿಪ್ಪನ್ನು ಒಂದು ಪುಟ್ಟ ಹಲಗೆಯ ಮೇಲೆ ಕೂರಿಸಿದರು. ಎಲೆಕ್ಟ್ರಾನಿಕ್ಸ್ ಓದದವರೂ ಬಳಸುವಂತಾಗಲಿ ಎಂಬುದು ಅವರ ಉದ್ದೇಶ. ಅದಕ್ಕೆ ಆರ್ಡ್ಯುನೊ ಎಂದು ಹೆಸರಿಟ್ಟು, ಅದರ ನಕ್ಷೆಯನ್ನು ಯಾರು ಬೇಕಾದರೂ ನಕಲು ಮಾಡಬಹುದೆಂದು ಬಹಿರಂಗಪಡಿಸಿದರು. ಹವ್ಯಾಸಿಗಳ ಕೈಗೆ ಮೈಕ್ರೊಕಂಟ್ರೋಲರ್ ಸುಲಭವಾಗಿ ಸಿಕ್ಕಿದ್ದು ಹೀಗೆ. ನೀತಿ ಆಯೋಗದ ಅಟಲ್ ನಾವೀನ್ಯ ಅಭಿಯಾನವು 2016ರಿಂದ ಶಾಲೆಗಳಲ್ಲಿ ತೆರೆಯುತ್ತ ಬಂದಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿಯೂ ಇಂಥ ಹಲಗೆಗಳಿರುತ್ತವೆ. ನಿಮ್ಮ ಶಾಲೆಯಲ್ಲಿ ಅಂಥ ಪ್ರಯೋಗಾಲಯ ಇದ್ದರೆ ಈ ಪ್ರಯೋಗಕ್ಕೆ ಹೊಸದಾಗಿ ಕೊಳ್ಳಬೇಕಾದದ್ದು ಬಹಳ ಕಡಿಮೆ.

ನಾವು ಬಳಸುವುದು ಆರ್ಡ್ಯುನೊ ಊನೊ ಎಂಬ ಹಲಗೆಯ ಹಳೆಯ, ಹೆಚ್ಚು ಪ್ರಚಲಿತ ಮಾದರಿ. ಅದರ ಮೇಲಿರುವ ಚಿಪ್ಪಿನ ಹೆಸರು ಎಟಿಮೆಗಾ 328ಪಿ. ಇದರಲ್ಲಿ ನಾವು ಬರೆದ ಆದೇಶಗಳನ್ನು ಇಡಲು 32 ಕಿಲೊಬೈಟ್, ಲೆಕ್ಕದ ವೇಳೆ ಬಳಸಲು 2 ಕಿಲೊಬೈಟ್, ವಿದ್ಯುತ್ ಹೋದರೂ ಅಳಿಯದಂತೆ ಅಂಕಿಗಳನ್ನು ಇಡಲು 1 ಕಿಲೊಬೈಟ್ ನೆನಪು ಇದೆ. ಮೊಬೈಲ್ ಫೋನಿಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಆದರೂ ನಮ್ಮ ಕೆಲಸಕ್ಕೆ ಇದು ಸಾಕು. ಹೇಗೆಂಬುದನ್ನು ಮುಂದೆ ನೋಡೋಣ.

ನೀರನ್ನು ಗುರುತಿಸುವುದು ಹೇಗೆ?

ಮಣ್ಣಿನ ತೇವ ಅಳೆಯುವ ಅಗ್ಗದ ಸಂವೇದಕಗಳಲ್ಲಿ ಎರಡು ಬಗೆ. ಮೊದಲನೆಯದು ಎರಡು ಲೋಹದ ಕಡ್ಡಿಗಳನ್ನು ಮಣ್ಣಿಗೆ ಚುಚ್ಚಿ ಅವುಗಳ ನಡುವಿನ ವಿದ್ಯುತ್ ರೋಧವನ್ನು ಅಳೆಯುತ್ತದೆ. ಇದು ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ನಮ್ಮ ಹೊಲಕ್ಕೆ ತಕ್ಕದ್ದಲ್ಲ. ಕಾರಣಗಳು ಎರಡು. ಒಂದು, ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ; ಹರಿಯಗೊಡುವುದು ಅದರಲ್ಲಿ ಕರಗಿದ ಲವಣಗಳ ಅಯಾನುಗಳು. ಆದ್ದರಿಂದ ಈ ಸಂವೇದಕ ನೀರಿನ ಜೊತೆಗೆ ಉಪ್ಪನ್ನೂ ಅಳೆಯುತ್ತದೆ. ಗೊಬ್ಬರ ಹಾಕಿದ ಮರುದಿನ ಮಣ್ಣು ಇದ್ದಕ್ಕಿದ್ದಂತೆ 'ಒದ್ದೆ'ಯಾದಂತೆ ಕಾಣಬಹುದು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ನೀರು ಹರಿಯುವ ಕಡೆಗಳಲ್ಲಿ, ಅತಿಯಾದ ನೀರಾವರಿಯಿಂದ ಉಪ್ಪು ಮೇಲೆದ್ದ ಜಮೀನಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಎರಡು, ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಿನಿಂದ ವಿದ್ಯುದ್ವಿಭಜನೆ ನಡೆದು ಕಡ್ಡಿಗಳು ಬೇಗನೆ ಸವೆದುಹೋಗುತ್ತವೆ.

ಎರಡನೆಯ ಬಗೆ ಧಾರಕತೆಯನ್ನು ಅಳೆಯುವ ಸಂವೇದಕ. ಕೆಪಾಸಿಟರ್ ಅಥವಾ ಧಾರಕದ ಎರಡು ಫಲಕಗಳ ನಡುವೆ ಇರುವ ವಸ್ತುವನ್ನು ಬದಲಿಸಿದರೆ ಅದರ ಧಾರಕತೆ ಬದಲಾಗುತ್ತದೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಈ ಗುಣವನ್ನು ಸೂಚಿಸುವ ಅಂಕಿಯೇ ಡೈಎಲೆಕ್ಟ್ರಿಕ್ ಸ್ಥಿರಾಂಕ. ಗಾಳಿಗೆ ಇದು 1. ಮಣ್ಣಿನ ಖನಿಜ ಕಣಗಳಿಗೆ ಸುಮಾರು 3ರಿಂದ 5. ನೀರಿಗೆ ಮಾತ್ರ ಸುಮಾರು 80! ನೀರಿನ ಅಣುವಿನ ಒಂದು ಬದಿ ಋಣ, ಇನ್ನೊಂದು ಬದಿ ಧನ ಆವೇಶದ ಕಡೆಗೆ ವಾಲಿರುವುದರಿಂದ ಅದು ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ತಿರುಗಿ ನಿಲ್ಲುತ್ತದೆ. ಆದ್ದರಿಂದ ಮಣ್ಣಿನಲ್ಲಿ ಸ್ವಲ್ಪ ನೀರು ಹೆಚ್ಚಾದರೂ ಧಾರಕತೆ ಗಮನಾರ್ಹವಾಗಿ ಏರುತ್ತದೆ.

1980ರಲ್ಲಿ ಕೆನಡಾದ ಟಾಪ್ ಮತ್ತು ಸಂಗಡಿಗರು ಡೈಎಲೆಕ್ಟ್ರಿಕ್ ಸ್ಥಿರಾಂಕಕ್ಕೂ ಮಣ್ಣಿನ ನೀರಿನ ಪ್ರಮಾಣಕ್ಕೂ ಇರುವ ಸಂಬಂಧವನ್ನು ಸಮೀಕರಣದ ರೂಪದಲ್ಲಿ ಪ್ರಕಟಿಸಿದರು. 2015ರಲ್ಲಿ ಹಾರಿದ ನಾಸಾದ ಸ್ಮ್ಯಾಪ್ ಉಪಗ್ರಹ ಆಕಾಶದಿಂದ ಮಣ್ಣಿನ ತೇವವನ್ನು ಅಂದಾಜು ಮಾಡುವುದೂ ನೀರಿನ ಇದೇ ಗುಣವನ್ನು ಆಧರಿಸಿ. ಇಸ್ರೊ ಮತ್ತು ನಾಸಾ ಜೊತೆಗೂಡಿ 2025ರ ಜುಲೈನಲ್ಲಿ ಹಾರಿಸಿದ ನಿಸಾರ್ ಉಪಗ್ರಹದ ಉದ್ದೇಶಗಳಲ್ಲಿಯೂ ಮಣ್ಣಿನ ತೇವದ ನಕ್ಷೆ ಸೇರಿದೆ. ಆದರೆ ಉಪಗ್ರಹ ಕಾಣುವುದು ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣನ್ನು. ತೊಗರಿಯ ಬೇರು ಒಂದು ಮೀಟರಿಗಿಂತ ಆಳಕ್ಕೆ ಇಳಿಯಬಲ್ಲದು. ಅಲ್ಲಿನ ಸಂಗತಿ ತಿಳಿಯಲು ಮಣ್ಣಿಗೇ ಇಳಿಯಬೇಕು.

ಬೇಕಾಗುವ ಸಾಮಗ್ರಿ

1. ಆರ್ಡ್ಯುನೊ ಊನೊ ಹಲಗೆ, ಅದನ್ನು ಗಣಕಕ್ಕೆ ಜೋಡಿಸುವ ಕೇಬಲ್.
2. ಧಾರಕತೆ ಬಗೆಯ ತೇವ ಸಂವೇದಕ. ಚಪ್ಪಟೆಯಾದ ಈಟಿಯಂತಿರುವ ಹಲಗೆ. ಇದಕ್ಕೆ ಮೂರು ತಂತಿಗಳಿರುತ್ತವೆ: ವಿದ್ಯುತ್, ನೆಲ ಅಥವಾ ಗ್ರೌಂಡ್, ಮತ್ತು ಸಂಕೇತ.
3. ಜೋಡಣೆ ತಂತಿಗಳು, ಬ್ರೆಡ್‌ಬೋರ್ಡ್, ಬ್ಯಾಟರಿ.
4. ಉಗುರು ಬಣ್ಣ ಅಥವಾ ವಾರ್ನಿಷ್, ಮೇಣ, ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿ.
5. ಒಂದು ಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿ, ಮುಚ್ಚಳವಿರುವ ಚಿಕ್ಕ ತಗಡಿನ ಡಬ್ಬಿಗಳು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವು ಸಿಗುತ್ತವೆ. ಅಂಚೆ ಮೂಲಕವೂ ತರಿಸಿಕೊಳ್ಳಬಹುದು.

ಜೋಡಣೆ

ಸಂವೇದಕದ ಒಳಗೆ ಒಂದು ಟೈಮರ್ ಚಿಪ್ ಇದೆ. ಅದು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಏರಿಳಿಯುವ ವಿದ್ಯುತ್ ಮಿಡಿತವನ್ನು ಹುಟ್ಟಿಸುತ್ತದೆ. ಮಣ್ಣಿನ ಧಾರಕತೆ ಹೆಚ್ಚಿದಷ್ಟೂ ಈ ಮಿಡಿತ ಕುಗ್ಗಿ, ಸಂಕೇತದ ತಂತಿಯಲ್ಲಿ ಬರುವ ವೋಲ್ಟೇಜ್ ಇಳಿಯುತ್ತದೆ. ಒಣ ಗಾಳಿಯಲ್ಲಿ ಸುಮಾರು 3 ವೋಲ್ಟ್ ಇದ್ದದ್ದು ನೀರಿನಲ್ಲಿ ಅದರ ಅರ್ಧದ ಆಸುಪಾಸಿಗೆ ಬರುತ್ತದೆ. ಅಂದರೆ ತೇವ ಹೆಚ್ಚಾದರೆ ಅಂಕಿ ಕಡಿಮೆಯಾಗುತ್ತದೆ. ಇದನ್ನು ನೆನಪಿಡಿ, ಮೊದಲ ಸಲ ನೋಡುವವರಿಗೆ ಇದು ಗೊಂದಲ ಉಂಟುಮಾಡುತ್ತದೆ.

ಸಂಕೇತದ ತಂತಿಯನ್ನು ಹಲಗೆಯ 'ಎ-ಸೊನ್ನೆ' ಎಂಬ ಕಾಲಿಗೆ ಜೋಡಿಸಿ. ಗ್ರೌಂಡನ್ನು ಗ್ರೌಂಡಿಗೆ ಸೇರಿಸಿ. ವಿದ್ಯುತ್ ತಂತಿಯನ್ನು ನೇರವಾಗಿ 5 ವೋಲ್ಟ್ ಕಾಲಿಗೆ ಸೇರಿಸದೆ 7ನೆಯ ಅಂಕೀಯ ಕಾಲಿಗೆ ಸೇರಿಸಿ. ಸಂವೇದಕ ಬಳಸುವುದು ಸುಮಾರು 5 ಮಿಲಿಆಂಪಿಯರ್ ಮಾತ್ರ. ಅಷ್ಟನ್ನು ಆ ಕಾಲು ಧಾರಾಳವಾಗಿ ಕೊಡಬಲ್ಲದು. ಹೀಗೆ ಮಾಡಿದರೆ ಅಳೆಯುವಾಗ ಮಾತ್ರ ಸಂವೇದಕವನ್ನು ಎಚ್ಚರಿಸಿ, ಉಳಿದ ವೇಳೆ ಆರಿಸಿಡಬಹುದು.

ಈಗ ಬಹಳ ಜನ ಗಮನಿಸದ ಒಂದು ಸೂಕ್ಷ್ಮ. ಚಿಪ್ಪಿನೊಳಗಿನ ಪರಿವರ್ತಕ ವೋಲ್ಟೇಜನ್ನು 0ರಿಂದ 1023ರವರೆಗಿನ ಅಂಕಿಯಾಗಿ ಮಾಡುತ್ತದೆ. ಆದರೆ ಯಾವುದಕ್ಕೆ ಹೋಲಿಸಿ? ಸಾಮಾನ್ಯವಾಗಿ ಹಲಗೆಗೆ ಬರುವ 5 ವೋಲ್ಟಿಗೆ ಹೋಲಿಸಿ. ಸಂವೇದಕ 2 ವೋಲ್ಟ್ ಕೊಟ್ಟರೆ ಅಂಕಿ 2/5 × 1024, ಅಂದರೆ ಸುಮಾರು 409. ಕೆಲವು ದಿನಗಳಲ್ಲಿ ಬ್ಯಾಟರಿ ಕುಗ್ಗಿ ಆ 5 ವೋಲ್ಟ್ 4.5ಕ್ಕೆ ಇಳಿಯಿತೆನ್ನಿ. ಮಣ್ಣು ಹಾಗೆಯೇ ಇದೆ, ಸಂವೇದಕವೂ 2 ವೋಲ್ಟನ್ನೇ ಕೊಡುತ್ತಿದೆ. ಆದರೆ ಅಂಕಿ 455ಕ್ಕೆ ಏರುತ್ತದೆ. ಬ್ಯಾಟರಿ ಸೋತದ್ದನ್ನು ನಾವು ಮಣ್ಣು ಒಣಗಿತೆಂದು ಓದುತ್ತೇವೆ! ಇದನ್ನು ತಪ್ಪಿಸಲು ಹಲಗೆಯ 3.3 ವೋಲ್ಟ್ ಕಾಲನ್ನು 'ಎಆರ್‌ಇಎಫ್' ಎಂಬ ಕಾಲಿಗೆ ಜೋಡಿಸಿ, ಹೋಲಿಕೆಗೆ ಹೊರಗಿನ ಆಧಾರ ಬಳಸಬೇಕೆಂದು ಆದೇಶದಲ್ಲಿ ಬರೆಯಿರಿ. ಈ ಆದೇಶ ಮೊದಲ ಅಳತೆಗಿಂತ ಮುಂಚೆಯೇ ಬರಬೇಕು, ಇಲ್ಲವಾದರೆ ಚಿಪ್ಪಿಗೆ ಹಾನಿಯಾದೀತು. ಆದ್ದರಿಂದ ಮೊದಲು ಆದೇಶಗಳನ್ನು ಚಿಪ್ಪಿಗೆ ಕಳಿಸಿ, ಆಮೇಲೆ ಈ ತಂತಿಯನ್ನು ಸಿಕ್ಕಿಸಿ.

ಆದೇಶಗಳ ಸರಣಿ ಹೀಗಿರಲಿ:
ಅ) ಹೋಲಿಕೆಯ ಆಧಾರ ಹೊರಗಿನದು ಎಂದು ಗೊತ್ತುಪಡಿಸು.
ಆ) 7ನೆಯ ಕಾಲಿಗೆ ವಿದ್ಯುತ್ ಕೊಡು, ಒಂದು ಸೆಕೆಂಡ್ ಕಾಯಿ.
ಇ) ಎ-ಸೊನ್ನೆ ಕಾಲಿನ ಅಂಕಿಯನ್ನು 16 ಸಲ ಓದಿ ಕೂಡಿಸು, 16ರಿಂದ ಭಾಗಿಸು.
ಈ) 7ನೆಯ ಕಾಲಿನ ವಿದ್ಯುತ್ ಆರಿಸು.
ಉ) ಸರಾಸರಿ ಅಂಕಿಯನ್ನು ತೋರಿಸು, ನಿಗದಿತ ವೇಳೆ ಕಾದು ಮತ್ತೆ ಆರಂಭಿಸು.

16 ಸಲ ಓದುವುದು ಏಕೆ? ಪ್ರತಿಯೊಂದು ಅಳತೆಯಲ್ಲಿಯೂ ಚಿಕ್ಕ ಚಿಕ್ಕ ಏರುಪೇರು ಇರುತ್ತದೆ. ಸರಾಸರಿ ತೆಗೆದರೆ ಅವು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ.

ಸಂವೇದಕದ ಹಲಗೆಯ ಅಂಚುಗಳು ನೀರು ಹೀರುತ್ತವೆ. ಮಣ್ಣಿಗೆ ಹಾಕುವ ಮೊದಲು ಅಂಚುಗಳಿಗೆ ಎರಡು ಸಲ ವಾರ್ನಿಷ್ ಬಳಿಯಿರಿ. ಮೇಲ್ಭಾಗದಲ್ಲಿ ತೆರೆದಿರುವ ಚಿಪ್ಪುಗಳನ್ನು ಮೇಣದಿಂದ ಮುಚ್ಚಿ.

ಅಂಕಿ ಇನ್ನೂ ಅಳತೆಯಲ್ಲ

ಇಷ್ಟು ಮಾಡಿದರೆ ಪರದೆಯ ಮೇಲೆ ಒಂದು ಅಂಕಿ ಮೂಡುತ್ತದೆ. ಉದಾಹರಣೆಗೆ 595 ಎನ್ನೋಣ. ವಸ್ತುಪ್ರದರ್ಶನಗಳಲ್ಲಿ ಬಹಳಷ್ಟು ಮಾದರಿಗಳು ಇಲ್ಲಿಗೇ ನಿಲ್ಲುತ್ತವೆ. ಅಂಕಿ ಒಂದು ಮಿತಿ ದಾಟಿದರೆ ದೀಪ ಹೊತ್ತುತ್ತದೆ, ಪುಟ್ಟ ಪಂಪು ತಿರುಗುತ್ತದೆ. ಆದರೆ 595 ಎಂದರೆ ಎಷ್ಟು ನೀರು? ಆ ಮಿತಿಯನ್ನು ಆರಿಸಿದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಕೊಡದ ಉಪಕರಣವನ್ನು ನಂಬಿ ರೈತರು ಹೊಂಡದ ನೀರು ಬಿಡಲಾಗದು. ಅಂಕಿಯನ್ನು ನಿಜವಾದ ಪ್ರಮಾಣಕ್ಕೆ ಹೊಂದಿಸುವ ಕೆಲಸಕ್ಕೆ ಅಂಶಾಂಕನ ಎನ್ನುತ್ತಾರೆ. ಇಲ್ಲಿ ತಕ್ಕಡಿ ಕೆಲಸಕ್ಕೆ ಬರುತ್ತದೆ.

ತೇವದ ಪ್ರಮಾಣವನ್ನು ತೂಕದಿಂದ ತಿಳಿಯುವ ವಿಧಾನ ಹಳೆಯದು, ಇಂದಿಗೂ ಉಳಿದೆಲ್ಲ ವಿಧಾನಗಳಿಗೆ ಒರೆಗಲ್ಲು. ಹಸಿ ಮಣ್ಣನ್ನು ಡಬ್ಬಿಯಲ್ಲಿ ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ. ಡಬ್ಬಿಯ ತೂಕ 18 ಗ್ರಾಂ, ಹಸಿ ಮಣ್ಣಿನೊಡನೆ 162 ಗ್ರಾಂ, ಒಣಗಿದ ಮೇಲೆ 138 ಗ್ರಾಂ ಎನ್ನೋಣ. ಹೋದ ನೀರು 24 ಗ್ರಾಂ. ಒಣ ಮಣ್ಣು 120 ಗ್ರಾಂ. ತೇವ = 24/120 × 100 = ಶೇಕಡಾ 20. ಶಾಲೆಯಲ್ಲಿ ಬಿಸಿಗಾಳಿ ಒಲೆ ಇಲ್ಲದಿದ್ದರೆ ಬಾಣಲೆಯಲ್ಲಿ ಮರಳು ಹಾಕಿ, ಅದರ ಮೇಲೆ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಬಹುದು. ಅರ್ಧ ಗಂಟೆಗೊಮ್ಮೆ ತೂಗುತ್ತ, ತೂಕ ಇಳಿಯುವುದು ನಿಂತಾಗ ಒಲೆ ಆರಿಸಿ. ಬಿಸಿ ಡಬ್ಬಿಯನ್ನು ಇಕ್ಕಳದಿಂದ ಹಿಡಿಯಿರಿ; ಈ ಕೆಲಸ ಶಿಕ್ಷಕರ ಎದುರಿನಲ್ಲೇ ನಡೆಯಲಿ.

ಈಗ ಅಂಶಾಂಕನ. ನೀವು ಅಳೆಯಬೇಕೆಂದಿರುವ ಹೊಲದ ಮಣ್ಣನ್ನೇ ತನ್ನಿ. ಬೇರೆ ಹೊಲದ್ದು, ಹೊಳೆ ದಂಡೆಯದ್ದು ಬೇಡ. ಹೆಂಟೆ ಒಡೆದು, ನೆರಳಿನಲ್ಲಿ ಒಣಗಿಸಿ, ತಲಾ ಒಂದು ಕಿಲೊದಂತೆ ನಾಲ್ಕು ಪಾಲು ಮಾಡಿ. ಒಂದಕ್ಕೆ 100 ಮಿ.ಲೀ., ಎರಡನೆಯದಕ್ಕೆ 200, ಮೂರನೆಯದಕ್ಕೆ 300, ನಾಲ್ಕನೆಯದಕ್ಕೆ 400 ಮಿ.ಲೀ. ನೀರು ಬೆರೆಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ. ರಾತ್ರಿ ಕಳೆದರೆ ತೇವ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಮರುದಿನ ಪ್ರತಿಯೊಂದನ್ನೂ ಒಂದೇ ಅಳತೆಯ ಪಾತ್ರೆಗೆ, ಒಂದೇ ಬಿಗಿತದಲ್ಲಿ ತುಂಬಿ, ಸಂವೇದಕ ಚುಚ್ಚಿ ಅಂಕಿ ಬರೆದುಕೊಳ್ಳಿ. ಕೂಡಲೇ ಪ್ರತಿ ಪಾತ್ರೆಯಿಂದ ಒಂದಿಷ್ಟು ಮಣ್ಣು ತೆಗೆದು ತೂಗಿ, ಒಣಗಿಸಿ, ತೂಗಿ. ನೆರಳಲ್ಲಿ ಒಣಗಿದ ಎರೆಯಲ್ಲಿಯೂ ಕಣ್ಣಿಗೆ ಕಾಣದ ತೇವ ಉಳಿದಿರುವುದರಿಂದ, ನಾವು ಬೆರೆಸಿದ ನೀರಿನ ಲೆಕ್ಕವೊಂದನ್ನೇ ನಂಬುವಂತಿಲ್ಲ.

ಲೆಕ್ಕಕ್ಕೆಂದು ಹೀಗೆ ಭಾವಿಸೋಣ: ಶೇಕಡಾ 10 ತೇವಕ್ಕೆ 780, 20ಕ್ಕೆ 650, 30ಕ್ಕೆ 540, 40ಕ್ಕೆ 470. ನಿಮ್ಮ ಸಂವೇದಕದಲ್ಲಿ, ನಿಮ್ಮ ಮಣ್ಣಿನಲ್ಲಿ ಅಂಕಿಗಳು ಬೇರೆಯೇ ಇರುತ್ತವೆ. ಇವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ನೇರ ಗೆರೆಗೆ ಬದಲು ಬಾಗಿದ ರೇಖೆ ಬರುವುದನ್ನು ಗಮನಿಸಿ. ಈಗ 595ರ ಅರ್ಥ ಹೇಳಬಹುದು. ಅದು 650 ಮತ್ತು 540ರ ನಟ್ಟನಡುವೆ ಇದೆ; ಆದ್ದರಿಂದ ತೇವ ಸುಮಾರು ಶೇಕಡಾ 25. ಈ ಕೋಷ್ಟಕವನ್ನೇ ಚಿಪ್ಪಿನ ನೆನಪಿಗೆ ಹಾಕಿದರೆ ಮುಂದೆ ಅದೇ ಲೆಕ್ಕ ಮಾಡಿ ಶೇಕಡಾ ತೋರಿಸುತ್ತದೆ.

ಶೇಕಡಾ 25 ಎಂದರೆ ಸಾಕೆ, ಸಾಲದೆ?

ಉತ್ತರ ಮಣ್ಣಿಗೆ ತಕ್ಕಂತೆ ಬದಲಾಗುತ್ತದೆ. ಮರಳು ಮಣ್ಣಿನಲ್ಲಿ ಶೇಕಡಾ 20 ತೇವ ಇದ್ದರೆ ನೀರು ಜಿನುಗುವಂತಿರುತ್ತದೆ. ಎರೆಯಲ್ಲಿ ಅಷ್ಟೇ ತೇವ ಇದ್ದಾಗ ಗಿಡ ಬಾಡಲು ಆರಂಭಿಸಿರಬಹುದು. ಎರೆಯ ಜೇಡಿ ಕಣಗಳು ಅತಿ ಸೂಕ್ಷ್ಮ. ಅವುಗಳ ಒಟ್ಟು ಮೇಲ್ಮೈ ಅಗಾಧ. ಆ ಮೇಲ್ಮೈಗೆ ಅಂಟಿದ ನೀರನ್ನು ಬೇರು ಕಿತ್ತುಕೊಳ್ಳಲಾರದು.

ಆದ್ದರಿಂದ ಎರಡು ಗಡಿಗಳನ್ನು ತಿಳಿಯಬೇಕು. ಮೇಲಿನ ಗಡಿ, ಮಣ್ಣು ನೀರು ಹಿಡಿದಿಡುವ ಸಾಮರ್ಥ್ಯ. ಹೊಲದ ಒಂದು ಮೂಲೆಯಲ್ಲಿ ಚೌಕ ಮಾಡಿ ನೀರು ತುಂಬಿಸಿ, ಇಂಗಿದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಎರಡು ಮೂರು ದಿನ ಬಿಟ್ಟು ಅಲ್ಲಿಯ ಮಣ್ಣನ್ನು ತೂಗಿ ಒಣಗಿಸಿದರೆ ಈ ಅಂಕಿ ಸಿಗುತ್ತದೆ. ಕೆಳಗಿನ ಗಡಿ, ಬಾಡುವ ಬಿಂದು. ಡಬ್ಬಿಯಲ್ಲಿ ಅದೇ ಮಣ್ಣು ತುಂಬಿ ಸೂರ್ಯಕಾಂತಿ ಬೆಳೆಸಿ. ಮೂರು ಜೋಡಿ ಎಲೆ ಬಂದ ಮೇಲೆ ನೀರು ನಿಲ್ಲಿಸಿ. ಬಾಡಿದ ಗಿಡವನ್ನು ರಾತ್ರಿ ಒದ್ದೆ ಬಟ್ಟೆ ಹೊದಿಸಿದ ಪೆಟ್ಟಿಗೆಯಲ್ಲಿಟ್ಟರೂ ಬೆಳಿಗ್ಗೆ ಎಲೆ ಚೇತರಿಸಿಕೊಳ್ಳದಿದ್ದರೆ, ಆಗಿನ ಮಣ್ಣಿನ ತೇವವೇ ಬಾಡುವ ಬಿಂದು. ತರಗತಿಯಲ್ಲಿ ಮಾಡಬಹುದಾದ ಸೊಗಸಾದ ಪ್ರಯೋಗವಿದು.

ಭಾರಿ ಎರೆಯಲ್ಲಿ ಮೇಲಿನ ಗಡಿ ಶೇಕಡಾ 35ರಿಂದ 40, ಕೆಳಗಿನದು 20ರ ಆಸುಪಾಸಿನಲ್ಲಿ ಇರುವುದುಂಟು. ಉದಾಹರಣೆಗೆ 38 ಮತ್ತು 20 ಎಂದು ಹಿಡಿಯೋಣ. ಗಿಡಕ್ಕೆ ದಕ್ಕುವುದು ಇವೆರಡರ ನಡುವಿನ 18 ಮಾತ್ರ. ಇದರಲ್ಲಿ ಅರ್ಧ ಖರ್ಚಾದಾಗ, ಅಂದರೆ ತೇವ 29ಕ್ಕೆ ಇಳಿದಾಗ ನೀರು ಕೊಡುವುದು ವಾಡಿಕೆಯ ಸೂತ್ರ. ನಮ್ಮ ಕೋಷ್ಟಕದಂತೆ ಅದು 551ರ ಸಮೀಪದ ಅಂಕಿ. ಹಾಗಾದರೆ ಶೇಕಡಾ 25 ತೋರುವ ಹೊಲ ಕಾಯುವ ಸ್ಥಿತಿಯಲ್ಲಿಲ್ಲ. ಮಣ್ಣನ್ನು ಕೈಯಲ್ಲಿ ಹಿಡಿದರೆ ತಂಪಾಗಿಯೇ ಇರಬಹುದು, ಆದರೆ ಗಿಡಕ್ಕೆ ಉಳಿದಿರುವುದು ಬರೀ 5.

ಎಷ್ಟು ನೀರು ಬೇಕು? ಒಂದು ಚದರ ಮೀಟರ್ ನೆಲದಲ್ಲಿ 60 ಸೆಂ.ಮೀ. ಆಳದವರೆಗಿನ ಒಣ ಮಣ್ಣು, ಘನ ಮೀಟರಿಗೆ 1250 ಕಿಲೊದಂತೆ, 750 ಕಿಲೊ. ತೇವವನ್ನು 29ರಿಂದ 38ಕ್ಕೆ ಏರಿಸಲು ಅದರ ಶೇಕಡಾ 9, ಅಂದರೆ ಸುಮಾರು 67 ಲೀಟರ್ ಬೇಕು. ಹೆಕ್ಟೇರಿಗೆ ಇದು ಸುಮಾರು 675 ಘನ ಮೀಟರ್. ಮೇಲ್ಭಾಗ 21 ಮೀಟರ್ ಚೌಕ, ಆಳ 3 ಮೀಟರ್, ಬದಿಗಳು ಒಂದಕ್ಕೆ ಒಂದರಂತೆ ಇಳಿಜಾರಾಗಿರುವ ಹೊಂಡದಲ್ಲಿ ತುಂಬಿದಾಗ ಹಿಡಿಯುವುದು 981 ಘನ ಮೀಟರ್. ಆವಿಯಾಗಿ ಹೋಗುವುದನ್ನು ಬಿಟ್ಟರೂ ಸುಮಾರು ಮೂರೂವರೆ ಎಕರೆಗೆ ಒಂದು ಸಲ ಮಾತ್ರ! ಯಾವ ದಿನ ಎಂಬ ಪ್ರಶ್ನೆಗೆ ಇಷ್ಟು ಬೆಲೆ ಏಕೆಂದು ಈಗ ಸ್ಪಷ್ಟವಾಯಿತಲ್ಲವೆ?

ಎರೆಯ ಬಿರುಕು ಹೇಳುವ ಸುಳ್ಳು

ಎರೆ ಮಣ್ಣು ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರಲ್ಲಿರುವ ಸ್ಮೆಕ್ಟೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಸೇರಿ ಹೊರಬರುವುದೇ ಇದಕ್ಕೆ ಕಾರಣ. ಸಂವೇದಕದ ಮಟ್ಟಿಗೆ ಇದು ದೊಡ್ಡ ತೊಡಕು. ಅದು ಗಮನಿಸುವುದು ತನ್ನ ಮೇಲ್ಮೈಗೆ ತೀರ ಹತ್ತಿರದ ಮಣ್ಣನ್ನು ಮಾತ್ರ. ಬಿರುಕು ಅದರ ಮಗ್ಗುಲಲ್ಲೇ ತೆರೆದುಕೊಂಡರೆ ಅಲ್ಲಿ ಗಾಳಿ ತುಂಬುತ್ತದೆ. ಗಾಳಿಯ ಸ್ಥಿರಾಂಕ 1. ಒಂದು ಗೇಣು ಆಚೆ ಮಣ್ಣು ಒದ್ದೆಯಾಗಿದ್ದರೂ ಅಂಕಿ 'ಪೂರ್ತಿ ಒಣಗಿದೆ' ಎನ್ನುತ್ತದೆ. ಇದನ್ನು ನಂಬಿ ನೀರು ಬಿಟ್ಟರೆ, ಅಗತ್ಯವಿಲ್ಲದ ಹೊಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

ಇದಕ್ಕೆ ಕೆಲವು ಪರಿಹಾರಗಳಿವೆ. ಸಂವೇದಕವನ್ನು ಮಣ್ಣು ಒದ್ದೆಯಾಗಿರುವಾಗಲೇ, ಮಳೆಗಾಲದ ನಡುವೆ ಹೂಳಿರಿ. ಗುಂಡಿ ತೋಡಿ, ಅದರ ಗೋಡೆಗೆ ಅಡ್ಡಲಾಗಿ 15, 30, 60 ಸೆಂ.ಮೀ. ಆಳಗಳಲ್ಲಿ ಒಂದೊಂದನ್ನು ಚುಚ್ಚಿ, ಅದೇ ಮಣ್ಣಿನ ರಾಡಿ ಸವರಿ ಗುಂಡಿಯನ್ನು ಪದರ ಪದರವಾಗಿ ತುಂಬಿ. ಸಂಪರ್ಕದ ತುದಿ ಮತ್ತು ತಂತಿಯ ಸೇರುವೆಗಳಿಗೂ ಮೇಣದ ರಕ್ಷೆ ಇರಲಿ. ಊನೊ ಹಲಗೆಗೆ ಇಂಥ ಆರು ಸಂವೇದಕಗಳನ್ನು ಜೋಡಿಸಬಹುದು. ಒಂದು ದಿನದಲ್ಲಿ ಅಂಕಿ ಧಡಕ್ಕನೆ ಏರಿದರೆ ಅದು ಮಣ್ಣು ಒಣಗಿದ್ದರಿಂದಲ್ಲ, ಬಿರುಕಿನಿಂದ ಎಂದು ಸಂಶಯಪಡಿ; ಮಣ್ಣು ನಿಧಾನವಾಗಿ ಒಣಗುತ್ತದೆ. ಅಂಥ ದಿನ ಪಕ್ಕದಲ್ಲಿ ಮಣ್ಣು ತೆಗೆದು ತೂಗಿ ನೋಡಿ. ಎಡೆ ಹೊಡೆದು ಬಿರುಕು ಮುಚ್ಚುವ ನಮ್ಮ ರೈತರ ರೂಢಿ ತೇವವನ್ನು ಉಳಿಸುವುದರ ಜೊತೆಗೆ ನಿಮ್ಮ ಸಂವೇದಕವನ್ನೂ ಕಾಯುತ್ತದೆ. ಆದರೆ ಎಡೆಕುಂಟೆ ತಂತಿಗಳನ್ನು ಕಿತ್ತುಹಾಕದಂತೆ ಸ್ಥಳವನ್ನು ಕಡ್ಡಿ ನೆಟ್ಟು ಗುರುತಿಸಿ.

ಮಣ್ಣಿನ ಶಾಖವೂ ಅಂಕಿಯನ್ನು ಸ್ವಲ್ಪ ಬದಲಿಸುತ್ತದೆ. ಆದ್ದರಿಂದ ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆ ಬಿಸಿಲೇರುವ ಮುನ್ನ ಓದಿದ ಅಂಕಿಗಳನ್ನು ಮಾತ್ರ ಹೋಲಿಸಿ.

ಬ್ಯಾಟರಿ ಎಷ್ಟು ದಿನ ಬಾಳುತ್ತದೆ?

ಊನೊ ಹಲಗೆ ಸುಮಾರು 50 ಮಿಲಿಆಂಪಿಯರ್ ಬಳಸುತ್ತದೆ. 2000 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ಸೆಲ್ಲುಗಳು 2000/50, ಅಂದರೆ 40 ಗಂಟೆಗಳಲ್ಲಿ ಮುಗಿಯುತ್ತವೆ. ಆದ್ದರಿಂದ ಮೊದಲ ವರ್ಷ ಹಲಗೆಯನ್ನು ಹೊಲದಲ್ಲಿ ಬಿಡದೆ, ಸಂವೇದಕವನ್ನು ಮಾತ್ರ ಹೂಳಿ, ದಿನಕ್ಕೊಮ್ಮೆ ಹೋಗಿ ಜೋಡಿಸಿ ಓದಿ ಬರುವುದು ಸುಲಭ.

ಅನುಭವ ಬಂದ ಮೇಲೆ ಹಲಗೆ ಬಿಟ್ಟು ಚಿಪ್ಪೊಂದನ್ನೇ ಬಳಸಬಹುದು. ಅದನ್ನು ಮಲಗಿಸಿಡುವ ಆದೇಶವಿದೆ. ಮಲಗಿದಾಗ ಅದು ಬಳಸುವುದು ಒಂದು ಮಿಲಿಆಂಪಿಯರಿನ ನೂರನೇ ಒಂದು ಭಾಗದಷ್ಟು ಮಾತ್ರ. ಆರು ಗಂಟೆಗೊಮ್ಮೆ ಎಚ್ಚೆತ್ತು, ಎರಡು ಸೆಕೆಂಡ್ ಕೆಲಸ ಮಾಡಿ ಮತ್ತೆ ಮಲಗಿದರೆ ಅದೇ ಸೆಲ್ಲುಗಳು ಬಿತ್ತನೆಯಿಂದ ರಾಶಿಯವರೆಗೂ ಸಾಕು. ಆಗ 3.3 ವೋಲ್ಟಿನ ಆಧಾರ ಇರುವುದಿಲ್ಲ. ಬದಲಿಗೆ ಚಿಪ್ಪಿನೊಳಗಿರುವ 1.1 ವೋಲ್ಟ್ ಆಧಾರದಿಂದ ಬ್ಯಾಟರಿಯ ವೋಲ್ಟೇಜನ್ನೇ ಅಳೆದು ಲೆಕ್ಕ ತಿದ್ದಿಕೊಳ್ಳಬೇಕು. ದಿನಕ್ಕೆ 4 ಅಳತೆ, ಅಳತೆಗೆ ಒಂದು ಬೈಟ್ ಎಂದರೆ 180 ದಿನಗಳಿಗೆ 720 ಬೈಟ್. ವಿದ್ಯುತ್ ಹೋದರೂ ಅಳಿಯದ 1 ಕಿಲೊಬೈಟ್ ನೆನಪು ಈ ಚಿಪ್ಪಿನಲ್ಲಿ ಇದೆಯೆಂದು ಆರಂಭದಲ್ಲಿ ಹೇಳಿದೆವು. ಒಂದು ತೊಗರಿ ಬೆಳೆಯ ಇಡೀ ದಿನಚರಿ ಅದರೊಳಗೆ ಹಿಡಿಸುತ್ತದೆ!

ಶಿಕ್ಷಕರಿಗೆ ಕೆಲವು ಸಲಹೆಗಳು

ಈ ಉಪಕರಣದಿಂದ ಪಂಪ್‌ಸೆಟ್ಟನ್ನು ತಾನಾಗಿ ಚಾಲೂ ಮಾಡುವ ಯೋಚನೆ ವಿದ್ಯಾರ್ಥಿಗಳಿಗೆ ಬಂದೇ ಬರುತ್ತದೆ. ಮೂರು ಫೇಸಿನ ವಿದ್ಯುತ್ತು ಪ್ರಾಣಕ್ಕೆ ಅಪಾಯ. ಶಾಲೆಯ ಪ್ರಯೋಗ ಅಳತೆಗೆ ಸೀಮಿತವಾಗಿರಲಿ.

ಒಂದು ಪುಸ್ತಕ ಇಡಿಸಿ. ದಿನಾಂಕ, ಮಳೆ, ಮೂರು ಆಳಗಳ ಅಂಕಿ, ಹದಿನೈದು ದಿನಕ್ಕೊಮ್ಮೆ ತೂಕದಿಂದ ತೆಗೆದ ತೇವ, ಇಷ್ಟನ್ನು ಬರೆಯಲಿ. ಇನ್ನೊಂದು ಕಾಲಮ್ಮನ್ನು ಹೊಲದ ಒಡೆಯರಿಗಾಗಿ ಬಿಡಿ. ಅವರು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡಿ, 'ಇನ್ನೂ ತಡೆಯುತ್ತದೆ' ಅಥವಾ 'ನೀರು ಬೇಕು' ಎಂದು ಹೇಳುವುದನ್ನು ಅಂಕಿ ತೋರಿಸುವ ಮೊದಲೇ ಬರೆದುಕೊಳ್ಳಬೇಕು. ಮೊದಲೇ ಅಂಕಿ ಕಂಡರೆ ಅವರ ತೀರ್ಮಾನ ಅದರತ್ತ ವಾಲುತ್ತದೆ. ಸುಗ್ಗಿಯ ನಂತರ ಎರಡೂ ಕಾಲಮ್ಮುಗಳನ್ನು ಹೋಲಿಸಿ. ಎಲ್ಲಿ ಒಪ್ಪಿದವು, ಎಲ್ಲಿ ಒಪ್ಪಲಿಲ್ಲ, ಒಪ್ಪದ ದಿನ ತಕ್ಕಡಿ ಯಾರ ಪಕ್ಷ ಹೇಳಿತು ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಲಿ.

ಉಪಕರಣದ ಮಿತಿಯನ್ನೂ ತಿಳಿಸಿ. ಗಿಡ ಬಾಡಿದ್ದಕ್ಕೆಲ್ಲ ನೀರಿನ ಕೊರತೆಯೇ ಕಾರಣವಲ್ಲ. ನೆಟೆ ರೋಗ ತಗುಲಿದ ತೊಗರಿ ತೇವ ಇದ್ದರೂ ಬಾಡುತ್ತದೆ. ಅಂಕಿ ಸಾಕಷ್ಟು ತೇವ ತೋರುತ್ತಿದ್ದು, ತಕ್ಕಡಿಯೂ ಅದನ್ನೇ ಹೇಳಿ, ಗಿಡ ಮಾತ್ರ ಬಾಡುತ್ತಿದ್ದರೆ ನೀರು ಬಿಡಬೇಡಿ. ಗಿಡವನ್ನು ಬೇರು ಸಹಿತ ಕಿತ್ತು ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುವುದಕ್ಕೂ ತೊಗರಿ ಬಿತ್ತುವುದಕ್ಕೂ ಕಾಲ ಒಂದೇ. ಅಂಶಾಂಕನಕ್ಕೆ ಬೇಕಾದ ಒಣ ಮಣ್ಣನ್ನು ಮೊದಲ ಮಳೆಗೆ ಮುನ್ನವೇ ಎರಡು ಬುಟ್ಟಿ ಸಂಗ್ರಹಿಸಿಡಿ.